ದಾಸ್ತಾನಿನ ಹೊರೆ ಯಾರ ಹೆಗಲಿಗೆ?

ಕೊರೊನಾ ಕಾಲದ ಕೊರತೆಗಳ ನಂತರ ಉದ್ಯಮ ವಲಯದಲ್ಲಿ ಒಂದು ಅಭಿಪ್ರಾಯ ಬಲವಾಗಿ ಬೇರೂರಿದೆ. ಪೂರೈಕೆ ಸರಪಳಿ, ಅಂದರೆ ಕಚ್ಚಾವಸ್ತುವಿನಿಂದ ಅಂಗಡಿಯ ಕಪಾಟಿನವರೆಗೆ ಸರಕು ಹಾದುಬರುವ ಕೈಗಳ ಸಾಲು, ಕಡಿದುಬಿದ್ದದ್ದು ಮಾಹಿತಿ ಸಾಲದೆ. ಬೇಡಿಕೆಯನ್ನು ಮುಂಚಿತವಾಗಿ ಅಂದಾಜಿಸುವ ತಂತ್ರಾಂಶ ಬಂದರೆ ಅದು ಮತ್ತೆ ಕಡಿಯದು ಎಂಬುದೇ ಆ ಅಭಿಪ್ರಾಯ. ಇದು ಅರ್ಧಸತ್ಯ. ಮುಂದಿನ ತಿಂಗಳು ಏನು ಮಾರಾಟವಾದೀತು, ಯಾವ ಬಂದರು ಮುಚ್ಚೀತು ಎಂಬ ಅನಿಶ್ಚಿತತೆ ಯಂತ್ರದಿಂದ ಅಳಿಯುವುದಿಲ್ಲ. ಅದರ ಹೊರೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ, ಮತ್ತು ಹೆಚ್ಚಾಗಿ ಅದು ದಾಟುತ್ತಿರುವುದು ಬಲವುಳ್ಳವರಿಂದ ಬಲವಿಲ್ಲದವರಿಗೆ.

ದಾಸ್ತಾನು ಬೇಡವೆನ್ನುವವರ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಬಿಡಿಭಾಗಗಳು ಬೇಕಾದಾಗ, ಬೇಕಾದಷ್ಟೇ ಬರಬೇಕೆಂಬ ಪದ್ಧತಿಯನ್ನು ಜಪಾನಿನ ಟೊಯೋಟಾದಲ್ಲಿ ರೂಪಿಸಿದ ತೈಚಿ ಓನೊ, ಗೋದಾಮಿನ ರಾಶಿ ಬಂಡವಾಳವನ್ನು ಕಟ್ಟಿಹಾಕುವುದಲ್ಲದೆ ತಯಾರಿಕೆಯ ದೋಷಗಳನ್ನೂ ಮರೆಮಾಚುತ್ತದೆ ಎಂದು ಸರಿಯಾಗಿಯೇ ಗುರುತಿಸಿದ್ದರು: ಕೆಟ್ಟ ಭಾಗದ ಬದಲಿಗೆ ರಾಶಿಯಿಂದ ಇನ್ನೊಂದನ್ನು ಎತ್ತಿಕೊಳ್ಳಲು ಸಾಧ್ಯವಿರುವಷ್ಟು ದಿನ ಅದು ಕೆಟ್ಟದ್ದೇಕೆಂದು ಯಾರೂ ಕೇಳುವುದಿಲ್ಲ.

ಆದರೆ ಆ ಪದ್ಧತಿಯನ್ನು ಹೊಗಳುವವರು ಟೊಯೋಟಾದ ಇತಿಹಾಸದ ಉಳಿದ ಭಾಗವನ್ನು ಹೇಳುವುದಿಲ್ಲ. ಫೆಬ್ರವರಿ 1, 1997ರಂದು ಕರಿಯಾ ನಗರದಲ್ಲಿ ಟೊಯೋಟಾದ ಪೂರೈಕೆದಾರ ಕಂಪನಿ ಐಸಿನ್‌ನ ಕಾರ್ಖಾನೆಗೆ ಬೆಂಕಿ ಬಿದ್ದಾಗ, ಬ್ರೇಕಿನ ಒತ್ತಡವನ್ನು ನಿಯಂತ್ರಿಸುವ ಒಂದು ಪುಟ್ಟ ವಾಲ್ವ್ ಸಿಗದೆ ಜಪಾನಿನ ಟೊಯೋಟಾ ಘಟಕಗಳು ಬಹುಪಾಲು ನಿಂತುಹೋದವು, ಏಕೆಂದರೆ ಆ ವಾಲ್ವ್ ಹೆಚ್ಚುಕಡಿಮೆ ಪೂರ್ತಿಯಾಗಿ ಅಲ್ಲಿಂದಲೇ ಬರುತ್ತಿತ್ತು. ಒಂದು ವಾರದೊಳಗೆ ಕೆಲಸ ಮತ್ತೆ ನಡೆಯುವಂತೆ ಮಾಡಿದ್ದು ಸುಮಾರು 200 ಪೂರೈಕೆದಾರ ಕಂಪನಿಗಳ ಸಹಕಾರವೇ ಹೊರತು ಯಾವ ತಂತ್ರಾಂಶವೂ ಅಲ್ಲ. 2011ರ ಭೂಕಂಪದಲ್ಲಿ ಚಿಪ್ ಪೂರೈಕೆ ಕಡಿದುಹೋದ ಮೇಲೆ ಆ ಕಂಪನಿ ಇನ್ನೂ ಒಂದು ಪಾಠ ಕಲಿತು, ಎರಡರಿಂದ ಆರು ತಿಂಗಳಿಗೆ ಸಾಲುವಷ್ಟು ಚಿಪ್‌ಗಳನ್ನು ಸಂಗ್ರಹಿಸಿಡುವಂತೆ ಪೂರೈಕೆದಾರರನ್ನು ಕೇಳಿಕೊಂಡಿತು. ಹಾಗಾಗಿ 2021ರ ಆರಂಭದಲ್ಲಿ ಚಿಪ್ ಕೊರತೆಯಿಂದ ಅನೇಕ ಪ್ರತಿಸ್ಪರ್ಧಿಗಳು ಉತ್ಪಾದನೆ ತಗ್ಗಿಸುತ್ತಿದ್ದಾಗ ಅದು ಬಹುಮಟ್ಟಿಗೆ ನಿರಾತಂಕವಾಗಿತ್ತು. ಆ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಅದೂ ತನ್ನ ಜಾಗತಿಕ ಉತ್ಪಾದನಾ ಗುರಿಯನ್ನು ಶೇ. 40ರಷ್ಟು ಇಳಿಸಬೇಕಾಯಿತೆಂಬುದು ನಿಜ, ಆದರೆ ಮಧ್ಯದ ತಿಂಗಳುಗಳನ್ನು ದಾಟಿಸಿದ್ದು ದಾಸ್ತಾನೇ. ಈ ವಿವೇಕ ನಮಗೂ ಹೊಸದಲ್ಲ: ಹಳೆಯ ಮೈಸೂರಿನ ಒಕ್ಕಲು ಮನೆಗಳು ನೆಲದಡಿಯ ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದುದು ಬರ ಬಂದೇ ಬರುತ್ತದೆಂಬ ತಿಳಿವಳಿಕೆಯಿಂದ. ಅದನ್ನು ಅದಕ್ಷತೆಯೆಂದು ಕರೆಯುವ ಧೈರ್ಯ ಆಗ ಯಾರಿಗೂ ಇರಲಿಲ್ಲ.

ಟೊಯೋಟಾವನ್ನು ಅನುಕರಿಸಿದ ಉಡುಪು ಮಾರಾಟದ ದೊಡ್ಡ ಕಂಪನಿಗಳು ತೆಗೆದುಕೊಂಡದ್ದು ಆ ಪದ್ಧತಿಯ ವೇಗವನ್ನು, ಬಿಟ್ಟದ್ದು ಪೂರೈಕೆದಾರರೊಂದಿಗಿನ ದೀರ್ಘಕಾಲದ ಬಾಧ್ಯತೆಯನ್ನು. ಇಂದು ಯಾವುದೋ ದೇಶದ ಅಂಗಡಿಯಲ್ಲಿ ಬಾರ್‌ಕೋಡ್ ಓದಿದಾಗಲೇ ಮಾರಾಟದ ಲೆಕ್ಕ ಕೇಂದ್ರ ಕಚೇರಿಗೆ ತಲುಪುತ್ತದೆ. ಆರ್ಡರ್‌ಗಳು ಸಣ್ಣವಾಗುತ್ತವೆ, ಗಡುವು ಕಿರಿದಾಗುತ್ತದೆ, ಮತ್ತು ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆ ಸಾಲಿನಲ್ಲಿ ಕುಳಿತ ಹೆಣ್ಣುಮಗಳ ಗಂಟೆಯ ಟಾರ್ಗೆಟ್ ಏರುತ್ತದೆ. ಗೋದಾಮಿನಲ್ಲಿ ಇರಬೇಕಾಗಿದ್ದ ಸರಕು ಅವಳ ಓವರ್‌ಟೈಮ್ ಆಗಿ ಮಾರ್ಪಟ್ಟಿದೆ. 2020ರ ಮಾರ್ಚ್‌ನಲ್ಲಿ ಹಲವು ಅಂತರರಾಷ್ಟ್ರೀಯ ಬ್ರ್ಯಾಂಡ್‌ಗಳು ಹೊಲಿದು ಮುಗಿದಿದ್ದ ಬಟ್ಟೆಗಳ ಆರ್ಡರನ್ನೂ ರದ್ದುಮಾಡಿದಾಗ ಬಾಂಗ್ಲಾದೇಶದಿಂದ ಬೆಂಗಳೂರಿನವರೆಗೆ ಹೊರೆ ಬಿದ್ದದ್ದು ಯಾರ ಮೇಲೆಂಬುದು ಸ್ಪಷ್ಟವಾಯಿತು. ರೋಬಾಟುಗಳು ಬಂದರೆ ಈ ಪ್ರಶ್ನೆಯೇ ಉಳಿಯದು ಎನ್ನುವವರು, ಮೆತ್ತನೆಯ ಬಟ್ಟೆಯನ್ನು ಹಿಡಿದು ಹೊಲಿಯುವ ಕೆಲಸ ಇಂದಿಗೂ ಬಹುತೇಕ ಮನುಷ್ಯರ ಕೈಯಲ್ಲೇ ಇದೆ ಎಂಬುದನ್ನು ಗಮನಿಸಿಲ್ಲ.

ಕರ್ನಾಟಕದ ವಿಧಾನಮಂಡಲ 2023ರ ಫೆಬ್ರವರಿಯಲ್ಲಿ ಕಾರ್ಖಾನೆ ಕಾಯ್ದೆಗೆ ಒಪ್ಪಿದ ತಿದ್ದುಪಡಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಚೀನಾದಿಂದ ಸರಿಯುತ್ತಿದ್ದ ಎಲೆಕ್ಟ್ರಾನಿಕ್ಸ್ ತಯಾರಿಕೆಗೆ ರಾಜ್ಯಗಳು ಪೈಪೋಟಿ ನಡೆಸುತ್ತಿದ್ದ ಹೊತ್ತಿನಲ್ಲಿ, ದಿನದ ದುಡಿಮೆಯ ಮಿತಿಯನ್ನು 9 ಗಂಟೆಯಿಂದ 12 ಗಂಟೆಗೆ ಹಿಗ್ಗಿಸಲು ಅದು ದಾರಿ ತೆರೆಯಿತು. ವಾರಕ್ಕೆ 48 ಗಂಟೆಯ ಮಿತಿ ಹಾಗೆಯೇ ಇದೆ, ಕಾರ್ಮಿಕರ ಒಪ್ಪಿಗೆಯೂ ಬೇಕು ಎಂಬ ಸಮರ್ಥನೆ ತಳ್ಳಿಹಾಕುವಂಥದ್ದಲ್ಲ, ಉದ್ಯೋಗಗಳ ಅಗತ್ಯವೂ ಸುಳ್ಳಲ್ಲ. ಆದರೆ ಗುತ್ತಿಗೆಯ ಮೇಲೆ ದುಡಿಯುವವರ ಒಪ್ಪಿಗೆಗೆ ನಿರಾಕರಿಸುವ ಶಕ್ತಿ ಇರುವುದಿಲ್ಲ. ದುಡಿಮೆಯ ದಿನವನ್ನು ಉದ್ದಮಾಡುವ ಮುನ್ನ ಸರ್ಕಾರ, ಆರ್ಡರ್ ಕೊಡುವ ಕಂಪನಿಗಳು ರದ್ದತಿಯ ನಷ್ಟವನ್ನೂ ಮುಂಗಡ ದಾಸ್ತಾನಿನ ವೆಚ್ಚವನ್ನೂ ಒಪ್ಪಂದದಲ್ಲೇ ಹೊರುವಂತೆ ಷರತ್ತು ವಿಧಿಸಲಿ.