ಹೊಲಿಗೆಯ ಯಂತ್ರದಲ್ಲಿ ಬಟ್ಟೆಯ ನಡೆ

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಸೂಜಿಕಾಯಕದ ರಾಮಿತಂದೆಯೆಂಬ ವಚನಕಾರರಿದ್ದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ ಮೊದಲಾದವರಂತೆ ಇವರಿಗೂ ಕಾಯಕವೇ ಹೆಸರಿನ ಮುನ್ನುಡಿಯಾಯಿತು. ಸೂಜಿ ಹಿಡಿದ ಕೈಗೆ ಅನುಭಾವಿಗಳ ನಡುವೆ ಸಮಾನವಾದ ಆಸನ ದೊರೆತ ನಾಡು ನಮ್ಮದು. ಇಂದಾದರೋ ನಾವು ಕಾಯಕವನ್ನು ವೇದಿಕೆಯ ಮೇಲೆ ಕೊಂಡಾಡುತ್ತೇವೆ. ಕಾಯಕದ ಉಪಕರಣವನ್ನು ಅರಿಯಲು ಮಾತ್ರ ಮನಸ್ಸು ಮಾಡುವುದಿಲ್ಲ. ಉಪಕರಣವನ್ನು ಅರಿಯದ ಕಾಯಕಪ್ರಶಂಸೆ ಅರ್ಧಗೌರವವೆಂಬುದು ನನ್ನ ಅಭಿಪ್ರಾಯ. ಇದಕ್ಕೆ ನಿದರ್ಶನವಾಗಿ ಹೊಲಿಗೆಯ ಯಂತ್ರವನ್ನೇ ತೆಗೆದುಕೊಳ್ಳುತ್ತೇನೆ. ಕನ್ನಡ ಪಂಡಿತನಿಗೆ ಇದರ ಗೊಡವೆಯೇಕೆಂದು ವಾಚಕರು ಕೇಳಬಹುದು. ಉತ್ತರವನ್ನು ಮುಂದೆ ನಿವೇದಿಸುವೆನು.

ಹೊಲಿಗೆಯ ಯಂತ್ರವೆಂದೊಡನೆ ಎಲ್ಲರ ಕಣ್ಣೂ ಸೂಜಿಯ ಮೇಲೆ ನೆಡುತ್ತದೆ. ಆದರೆ ಸೂಜಿ ಬಲ್ಲದ್ದು ಏರುವುದು ಮತ್ತು ಇಳಿಯುವುದು, ಎರಡೇ. ಬಟ್ಟೆಯು ಮುಂದೆ ಸರಿಯದಿದ್ದರೆ ಅದು ಒಂದೇ ರಂಧ್ರವನ್ನು ಸಾವಿರ ಬಾರಿ ಚುಚ್ಚೀತೇ ಹೊರತು ಹೊಲಿಗೆಯಾಗದು. ಕೈಹೊಲಿಗೆಯಲ್ಲಿ ಬಟ್ಟೆಯನ್ನು ಸರಿಸುವ ಹೊಣೆ ಎಡಗೈಯದು. ಆ ಎಡಗೈಯ ಜಾಣ್ಮೆಯನ್ನು ಲೋಹಕ್ಕೆ ಕಲಿಸುವುದೇ ಕಠಿಣವಾದ ಕಾರ್ಯವಾಗಿತ್ತು. 1846ರಲ್ಲಿ ಅಮೆರಿಕದ ಇಲಿಯಾಸ್ ಹೋವೆ ಹಕ್ಕುಪತ್ರ ಪಡೆದ ಯಂತ್ರದಲ್ಲಿ ಬಟ್ಟೆಯನ್ನು ಮುಳ್ಳುಗಳುಳ್ಳ ಒಂದು ಪಟ್ಟಿಗೆ ಸಿಕ್ಕಿಸಬೇಕಾಗಿತ್ತು. ಪಟ್ಟಿಯ ಉದ್ದ ಮುಗಿದೊಡನೆ ಯಂತ್ರವನ್ನು ನಿಲ್ಲಿಸಿ, ಬಟ್ಟೆಯನ್ನು ಬಿಡಿಸಿ, ಮತ್ತೆ ಸಿಕ್ಕಿಸಬೇಕು. ತಿರುವುಗಳನ್ನು ಹೊಲಿಯುವುದಂತೂ ದುಸ್ಸಾಧ್ಯ.

ಈ ತೊಡಕನ್ನು ಬಿಡಿಸಿದವನು ಅಲೆನ್ ವಿಲ್ಸನ್; ಪೀಠೋಪಕರಣಗಳನ್ನು ಮಾಡುವ ಮರಗೆಲಸದವನು. 1854ರಲ್ಲಿ ಆತ ಹಕ್ಕುಪತ್ರ ಪಡೆದ ಉಪಾಯವು ಇಂದಿಗೂ ಬಹುಪಾಲು ಯಂತ್ರಗಳ ಜೀವಾಳ. ಸೂಜಿಯ ಕೆಳಗಣ ಫಲಕದಲ್ಲಿ ಸೀಳುಗಳಿವೆ. ಅವುಗಳೊಳಗೆ ಹಲ್ಲುಳ್ಳ ಒಂದು ಪಟ್ಟಿಯಿದೆ. ಕಾರ್ಖಾನೆಯಲ್ಲಿ ಇದನ್ನು ಫೀಡ್ ಡಾಗ್ ಎನ್ನುತ್ತಾರೆ. ಸೂಜಿ ಬಟ್ಟೆಯಿಂದ ಹೊರಬಂದೊಡನೆ ಹಲ್ಲುಗಳು ಫಲಕದ ಮೇಲಕ್ಕೆ ಸುಮಾರು 1 ಮಿಲಿಮೀಟರಿನಷ್ಟು ಏಳುತ್ತವೆ, ಮೇಲಿನಿಂದ ಒತ್ತುವ ಪಾದಕ್ಕೂ ತಮಗೂ ನಡುವೆ ಬಟ್ಟೆಯನ್ನು ಹಿಡಿದು ಒಂದು ಹೊಲಿಗೆಯಷ್ಟು ಮುಂದೆ ಸಾಗಿಸುತ್ತವೆ, ಕೆಳಗಿಳಿಯುತ್ತವೆ, ಬಟ್ಟೆಯನ್ನು ಮುಟ್ಟದೆ ಸ್ವಸ್ಥಾನಕ್ಕೆ ಮರಳುತ್ತವೆ. ಏಳುವುದು, ನಡೆಸುವುದು, ಇಳಿಯುವುದು, ಮರಳುವುದು ಎಂಬ ಈ ನಾಲ್ಕು ಚಲನೆಗಳಲ್ಲಿ ಒಂದು ತಪ್ಪಿದರೂ ಹೊಲಿಗೆ ಕೆಡುತ್ತದೆ.

ಇದರ ವೇಗವನ್ನು ಗಣಿಸಿದರೆ ಆಶ್ಚರ್ಯವಾಗದಿರದು. ಕಾರ್ಖಾನೆಯ ಯಂತ್ರವು ನಿಮಿಷಕ್ಕೆ 5000 ಹೊಲಿಗೆ ಹಾಕುವುದಾದರೆ ಒಂದು ಹೊಲಿಗೆಗೆ ದೊರೆಯುವ ಕಾಲ ಸೆಕೆಂಡಿನ ಸಾವಿರ ಭಾಗಗಳಲ್ಲಿ ಹನ್ನೆರಡು ಭಾಗ ಮಾತ್ರ. ಅದರಲ್ಲಿಯೂ ಸೂಜಿ ಬಟ್ಟೆಯ ಹೊರಗಿರುವ ಅಲ್ಪಾವಧಿಯಲ್ಲಿಯೇ ಬಟ್ಟೆ ಸರಿಯಬೇಕು. ಹೊಲಿಗೆಯ ಉದ್ದ 2.5 ಮಿಲಿಮೀಟರಾದರೆ ಆ ವೇಗದಲ್ಲಿ ನಿಮಿಷಕ್ಕೆ 12.5 ಮೀಟರ್ ಬಟ್ಟೆ ಸಾಗುತ್ತದೆ.

ಈ ಯೋಜನೆಯಲ್ಲಿ ಒಂದು ಸಹಜವಾದ ಕೊರತೆಯಿದೆ. ಹಲ್ಲುಗಳು ಹಿಡಿಯುವುದು ಕೆಳಗಣ ಪದರವನ್ನು. ಮೇಲಣ ಪದರವು ನಿಶ್ಚಲವಾದ ಪಾದಕ್ಕೆ ಉಜ್ಜಿಕೊಂಡು ಸ್ವಲ್ಪ ಹಿಂದುಳಿಯುತ್ತದೆ. ಪ್ರತಿ ಹೊಲಿಗೆಯಲ್ಲಿ 0.02 ಮಿಲಿಮೀಟರ್ ಹಿಂದುಳಿದರೂ ಒಂದು ಮೀಟರಿನ 400 ಹೊಲಿಗೆಗಳಲ್ಲಿ ಅದು 8 ಮಿಲಿಮೀಟರಾಗುತ್ತದೆ. ಸಮನಾಗಿ ಕತ್ತರಿಸಿದ ಎರಡು ತುಂಡುಗಳು ಕೊನೆಯಲ್ಲಿ ಸಮನಾಗಿ ನಿಲ್ಲುವುದಿಲ್ಲ; ಹೊಲಿಗೆಯ ಸಾಲಿನಲ್ಲಿ ಸುಕ್ಕು ಮೂಡುತ್ತದೆ. ಇದಕ್ಕೆ ಪರಿಹಾರಗಳೂ ಇವೆ. ಸೂಜಿಯು ಬಟ್ಟೆಯೊಳಗಿದ್ದು ಹಲ್ಲುಗಳ ಜೊತೆಯಲ್ಲಿಯೇ ಮುಂದೆ ಸಾಗುವ ಯಂತ್ರಗಳಿವೆ. ಚರ್ಮದಂಥ ದಪ್ಪ ವಸ್ತುಗಳಿಗೆ ಮೇಲಣ ಪಾದವೂ ನಡೆಯುವ ಯಂತ್ರಗಳಿವೆ. ಬನಿಯನ್ ಬಟ್ಟೆ ಹಿಗ್ಗದಂತೆ ಹಿಂದೊಂದು ಮುಂದೊಂದು ಹಲ್ಲುಪಟ್ಟಿಯಿರಿಸಿ, ಅವುಗಳ ನಡೆಯನ್ನು ಬೇರೆ ಬೇರೆಯಾಗಿ ಹೊಂದಿಸುವ ಕ್ರಮವೂ ಉಂಟು.

ಬೆಂಗಳೂರಿನ ಸುತ್ತಣ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಸಂಖ್ಯಾತರು ಹೆಣ್ಣುಮಕ್ಕಳು. ಅವರಲ್ಲಿ ಅನೇಕರು ನಮ್ಮಂಥ ಗ್ರಾಮೀಣ ಶಾಲೆಗಳಲ್ಲಿ ಓದಿದವರು. ಸುಕ್ಕು ಬಿದ್ದಾಗ ಮೊದಲ ಮಾತು ಬೀಳುವುದು ಅವರ ಮೇಲೆ: ನಿನ್ನ ಕೈ ಸರಿಯಿಲ್ಲ! ಕೈಯ ದೋಷವೂ ಇರಬಹುದು. ಆದರೆ ನೂಲಿನ ಬಿಗಿತ, ಪಾದದ ಒತ್ತಡ, ಸೂಜಿಯ ದಪ್ಪ, ಸವೆದ ಹಲ್ಲು ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ವಾಸ್ತವದಲ್ಲಿ ಪದರಗಳ ಈ ವ್ಯತ್ಯಾಸವನ್ನು ಕ್ಷಣಕ್ಷಣವೂ ಬೆರಳುಗಳಿಂದ ಸರಿದೂಗಿಸುತ್ತಿರುವವಳು ಆ ಹೆಣ್ಣುಮಗಳೇ. ಯಂತ್ರದ ಕೊರತೆಯನ್ನು ತುಂಬುವ ಕೈಗೇ ಕೊರತೆಯ ಅಪವಾದ ಬರುವುದು ನ್ಯಾಯವೆ?

ಯಂತ್ರದ ವಿಚಾರ ಮೆಕ್ಯಾನಿಕ್ಕಿಗೆ ಬಿಟ್ಟದ್ದು, ಹೊಲಿಯುವವಳಿಗೆ ವೇಗವೊಂದಿದ್ದರೆ ಸಾಕು ಎಂದು ಕೆಲವರು ವಾದಿಸುವರು. ಈ ವಾದವನ್ನು ನಾನು ಒಪ್ಪಲಾರೆ. ಕಾರಣವನ್ನು ಬಲ್ಲವಳು, ಮೇಲಿನ ಪದರ ಹಿಂದುಳಿಯುತ್ತಿದೆ, ಒತ್ತಡ ನೋಡಿರಿ ಎಂದು ನಿರ್ಭಯವಾಗಿ ಹೇಳಬಲ್ಲಳು, ಅರಿಯದವಳು ತಲೆತಗ್ಗಿಸುವಳು. ಇತ್ತೀಚೆಗೆ ಹಲ್ಲುಗಳ ನಡೆಯನ್ನು ಪ್ರತ್ಯೇಕ ಮೋಟಾರುಗಳಿಂದ, ಗಣಕದ ಆಜ್ಞೆಯಂತೆ ನಿಯಂತ್ರಿಸುವ ಯಂತ್ರಗಳೂ ಬಂದಿವೆ. ಅವುಗಳನ್ನು ಹೊಂದಿಸುವವರಿಗೂ ಈ ಮೂಲತತ್ತ್ವದ ಅರಿವು ಅವಶ್ಯವೇ ಸರಿ.

ಕನ್ನಡ ಪಂಡಿತನ ಸಂಬಂಧ ಇಲ್ಲಿ ಬರುತ್ತದೆ. ಕಾರಣವನ್ನು ಹೇಳಲು ಮಾತು ಬೇಕು. ಆ ಮಾತನ್ನು ಕಲಿಸುವವರು ನಾವು. ಫೀಡ್ ಡಾಗ್, ಬಾಬಿನ್ ಎಂಬ ಪದಗಳು ಹಾಗೆಯೇ ಇರಲಿ. ಬಳಕೆಯಾದ ಪದವನ್ನು ಓಡಿಸಿ ಯಾರೂ ಆಡದ ಸಂಸ್ಕೃತ ಸಮಾಸವನ್ನು ಕೂಡಿಸುವುದು ಭಾಷಾಸೇವೆಯಲ್ಲ. ಆದರೆ ಅದು ಹೇಗೆ ನಡೆಯುತ್ತದೆ, ಏಕೆ ಕೆಡುತ್ತದೆ ಎಂಬ ವಿವರಣೆ ಮಕ್ಕಳ ಬಾಯಲ್ಲಿ ತಿಳಿಗನ್ನಡದಲ್ಲಿ ಬರಬೇಕು. ನಮ್ಮ ಪ್ರಬಂಧ ಪಾಠಗಳಲ್ಲಿ ವಸಂತಋತು, ಚಂದ್ರೋದಯಗಳ ವರ್ಣನೆ ಇರಲಿ. ಅವುಗಳ ಪಕ್ಕದಲ್ಲಿ ವರ್ಷಕ್ಕೊಂದಾದರೂ ಉಪಕರಣದ ವರ್ಣನೆ ಇರಲಿ. ವಿದ್ಯಾರ್ಥಿಯು ಟೈಲರರ ಅಂಗಡಿಗೆ ಹೋಗಿ, ಕಣ್ಣಾರೆ ಕಂಡು, ಕೇಳಿ ತಿಳಿದು ಬರೆಯಲಿ. ದಾಸೋಹದೊಡನೆ ಅಕ್ಷರವನ್ನೂ ನೀಡಿದ ಶ್ರೀಮಠದ ಶಾಲೆಯಲ್ಲಿ ಇಂಥ ಪಾಠ ಮೊದಲಾಗುವುದು ಸರ್ವಥಾ ಉಚಿತ. ರಾಮಿತಂದೆಗಳಿಗೆ ನಾವು ಸಲ್ಲಿಸುವ ಗೌರವವೂ ಆಗ ಬರಿಯ ಮಾತಾಗಿ ಉಳಿಯದು.