ಎರಡು ಸಲ ಬೇಡ, ಒಂದು ಸಲವಾದರೂ ಕೊಡಿಸಿ

ಪುಣೆಯಲ್ಲೋ ಮುಂಬೈಯಲ್ಲೋ ಕೇಟರಿಂಗ್ ನಡೆಸುವ ಒಬ್ಬರನ್ನು ಊಹಿಸಿಕೊಳ್ಳಿ. ಮದುವೆ ಊಟದ ಬಾಕಿ 5 ಲಕ್ಷ ರೂಪಾಯಿಗೆ ಸಿಕ್ಕ ಚೆಕ್ ಬೌನ್ಸ್ ಆಯಿತು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಅಡಿ ಕ್ರಿಮಿನಲ್ ದೂರು ಕೊಟ್ಟರು. ಅಷ್ಟಕ್ಕೇ ಸುಮ್ಮನಿರುವಂತಿಲ್ಲ. ಹಣ ವಸೂಲಿಯ ಸಿವಿಲ್ ದಾವೆಗೆ 3 ವರ್ಷದ ಗಡುವು. ಕ್ರಿಮಿನಲ್ ಕೇಸು ನಡೆಯುತ್ತಿದೆ ಎಂದು ಅದು ನಿಲ್ಲುವುದಿಲ್ಲ. ಕೋರ್ಟ್ ಫೀ ಕಟ್ಟಿ ಅದನ್ನೂ ಹೂಡಿದರು. ಆಗ ಎದುರು ಪಕ್ಷದ ವಕೀಲರು ಎದ್ದು ನಿಲ್ಲುತ್ತಾರೆ: ಒಂದೇ ಹಣಕ್ಕೆ ಎರಡು ಕಡೆ ಕೈಯೊಡ್ಡುತ್ತಿದ್ದಾರೆ, ಸ್ವಾಮಿ!

ಒಂದು ನಷ್ಟಕ್ಕೆ ಎರಡು ಪರಿಹಾರ ಸಲ್ಲದು, ಒಪ್ಪೋಣ. ಆದರೆ ಆ ಭಯಕ್ಕೆ ಕಾನೂನಿನಲ್ಲೇ ಉತ್ತರವಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 357(5), ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395(5) ಹೇಳುವುದು ಇಷ್ಟು: ಕ್ರಿಮಿನಲ್ ಕೋರ್ಟಿನ ಪರಿಹಾರವಾಗಿ ಪಾವತಿಯಾದ ಅಥವಾ ವಸೂಲಾದ ಮೊತ್ತವನ್ನು ಸಿವಿಲ್ ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2008ರಲ್ಲಿ ಚೆಕ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹೇಳಿತು.

ಗಮನಿಸಿ, 'ಪಾವತಿಯಾದ', 'ವಸೂಲಾದ' ಎಂದಿದೆ, 'ಆದೇಶವಾದ' ಎಂದಿಲ್ಲ. ಕಾಗದದ ಮೇಲಿನ 5 ಲಕ್ಷವನ್ನು ಕೈಗೆ ಬಂದ 5 ಲಕ್ಷವೆಂದು ಕಳೆಯಿರಿ ಎನ್ನುವುದು ಬಾಕಿದಾರನ ಲೆಕ್ಕ, ಕಾನೂನಿನದಲ್ಲ.

ನಿಜವಾದ ರೋಗ ಬೇರೆ. ಆರೋಪಿ ಮೇಲ್ಮನವಿ ಹೋದರೆ ಪರಿಹಾರದ ಹಣ ನಿಂತುಬಿಡುತ್ತದೆ. 2018ರ ತಿದ್ದುಪಡಿ ಬಂದ ಮೇಲೆ ವಿಚಾರಣೆಯ ಹಂತದಲ್ಲಿ ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸಬಹುದು, ಉಳಿದದ್ದಕ್ಕೆ ಕಾಯಬೇಕು. ಪರಿಹಾರ ಕಟ್ಟದೆ ಜೈಲಿಗೆ ಹೋಗಿಬಂದರೂ ಬಾಕಿ ತೀರುವುದಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರಿ, ಆದರೆ ವಸೂಲಿ ಮಾಡುವವರು ಯಾರು? ಕ್ರಿಮಿನಲ್ ಆದೇಶದ ಹಣವನ್ನು ದಂಡದಂತೆ, ಬೇಕಾದರೆ ಕಲೆಕ್ಟರ್ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕು. ಸಿವಿಲ್ ಡಿಕ್ರಿಗೆ ಬೇರೆಯೇ ಅಮಲ್ಜಾರಿ ಅರ್ಜಿ. ಎರಡು ಕಡೆಯೂ ಅಲೆಯಬೇಕಾದವರು ಹಣ ಕಳೆದುಕೊಂಡವರೇ.

ಕ್ರಿಮಿನಲ್ ಕೋರ್ಟು ಸಾಲ ವಸೂಲಿ ಕಚೇರಿಯಲ್ಲ ಎನ್ನುವವರಿದ್ದಾರೆ. ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ ಹಾಕುವ ಅಧಿಕಾರವನ್ನು ಶಾಸನವೇ ಕೊಟ್ಟಿರುವಾಗ ಆ ಮಾತಿಗೆ ಅರ್ಥವಿಲ್ಲ. ಪರಿಹಾರದ ಅಧಿಕಾರವನ್ನು ಧಾರಾಳವಾಗಿ ಬಳಸಿ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿತ್ತು. 2013ರಲ್ಲಿ, ಪ್ರತಿ ಪ್ರಕರಣದಲ್ಲೂ ಪರಿಹಾರದ ಬಗ್ಗೆ ಯೋಚಿಸಿ ಕಾರಣ ದಾಖಲಿಸಿ ಎಂದು ಮತ್ತೆ ಹೇಳಬೇಕಾಯಿತು. 25 ವರ್ಷದ ನಂತರವೂ ನೆನಪಿಸಬೇಕಾಯಿತೆಂದರೆ ಕೆಳಗೆ ನಡೆಯುತ್ತಿರುವುದೇನೆಂದು ಬೇರೆ ಹೇಳಬೇಕಿಲ್ಲ.

ಬೇಕಿರುವುದು ಕಷ್ಟದ್ದೇನಲ್ಲ. ಕ್ರಿಮಿನಲ್ ಪರಿಹಾರದ ಆದೇಶವನ್ನು ಸಿವಿಲ್ ಡಿಕ್ರಿಯಂತೆಯೇ ಜಾರಿ ಮಾಡುವ ಅವಕಾಶ ಕೊಡಿ. ಎರಡಕ್ಕೂ ಒಂದೇ ಖಾತೆ ಇರಲಿ. ಬಂದ ಪ್ರತಿ ರೂಪಾಯಿಯೂ ಅಲ್ಲಿ ಜಮಾ ಆಗಲಿ. ಹಣ ಕೊಟ್ಟಿದ್ದೇನೆ ಎನ್ನುವವನೇ ರಸೀದಿ ತೋರಿಸಲಿ. ಆಮೇಲೆ ಎರಡು ಸಲ ವಸೂಲಿಯಾಯಿತೇ ಎಂದು ಧಾರಾಳವಾಗಿ ಲೆಕ್ಕ ಹಾಕೋಣ.