ಒಂದು ಮುಚ್ಚಳದ ಪ್ರಸಂಗ



ಬೆಂಕಿ ಹೊತ್ತಲು ಮೂರು ಬೇಕು: ಉರಿಯುವ ವಸ್ತು, ಗಾಳಿ ಮತ್ತು ಶಾಖ. ಇವುಗಳಲ್ಲಿ ಒಂದನ್ನು ತೆಗೆದರೂ ಬೆಂಕಿಯಿಲ್ಲ. ಎಂಟನೆಯ ತರಗತಿಯಲ್ಲಿ ನಾನು ಇದನ್ನು ಕಪ್ಪುಹಲಗೆಯ ಮೇಲೆ ತ್ರಿಕೋನ ಬರೆದು ವಿವರಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮೂವತ್ತು ವರ್ಷಕ್ಕೂ ಮೀರಿ ಈ ಪಾಠ ಹೇಳಿದ ನಾನೇ, ಕಳೆದ ಮಳೆಗಾಲದ ಕೊನೆಯಲ್ಲಿ, ಆ ಮೂರೂ ಒಂದೆಡೆ ಸೇರುವಂತೆ ಮಾಡಿದೆ. ಅದರ ಫಲವನ್ನು ಉಂಡವನು ಮಾತ್ರ ನಾನಲ್ಲ.

ನಮ್ಮ ಅಡಿಕೆ ತೋಟದಲ್ಲಿ ಈಗ ಕತ್ತಿ ಹಿಡಿದು ಹುಲ್ಲು ಸವರುವವರಿಲ್ಲ. ಹೆಗಲಿಗೆ ನೇತುಹಾಕಿಕೊಂಡು ಹುಲ್ಲು ಹೊಡೆಯುವ ಪೆಟ್ರೋಲ್ ಯಂತ್ರವೊಂದನ್ನು ಪೇಟೆಯಿಂದ ತಂದಿದ್ದೆ. ಕೆಲವು ತಿಂಗಳಲ್ಲಿಯೇ ಅದರ ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂರದಾಯಿತು. "ಮೇಷ್ಟ್ರೇ, ಮುಚ್ಚಳದ ಹತ್ರ ಪೆಟ್ರೋಲ್ ಜಿನುಗ್ತದೆ" ಎಂದು ಕೆಲಸದ ಹುಡುಗ ಎರಡು ಬಾರಿ ಹೇಳಿದ. ನಾನು ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ದುಂಡಗೆ ಕತ್ತರಿಸಿ ಮುಚ್ಚಳದೊಳಗೆ ವಾಷರಿನಂತೆ ಇಟ್ಟುಕೊಟ್ಟು, ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಪೆಟ್ರೋಲಿನಲ್ಲಿ ನೆಂದ ರಬ್ಬರು ಉಬ್ಬಿ ಮೆತ್ತಗಾಗುತ್ತದೆಂಬುದು ತಿಳಿಯದ ವಿಷಯವೇನೂ ಆಗಿರಲಿಲ್ಲ.

ಎರಡು ವಾರ ಕಳೆಯಿತು. ಒಂದು ಮಧ್ಯಾಹ್ನ, ಗಂಟೆಗಟ್ಟಲೆ ಓಡಿ ಕಾದಿದ್ದ ಯಂತ್ರಕ್ಕೆ ಪೆಟ್ರೋಲು ತುಂಬಿಸಿ ಹುಡುಗ ಮತ್ತೆ ಚಾಲೂ ಮಾಡಿದ. ಜಿನುಗಿದ ಪೆಟ್ರೋಲು ಬಿಸಿ ಸೈಲೆನ್ಸರಿಗೆ ತಾಗಿ ಭಗ್ಗನೆ ಹೊತ್ತಿಕೊಂಡಿತು. ಅವನು ಪಟ್ಟಿ ಕಳಚಿ ಯಂತ್ರವನ್ನು ಎಸೆದು ತೋಟದ ಕಾದಿಗೆಗೆ ಹಾರಿದ. ಅಲ್ಲಿ ನೀರಿದ್ದುದು ಪುಣ್ಯ. ಆದರೂ ತೊಡೆ ಮತ್ತು ಅಂಗೈ ಸುಟ್ಟವು. ಒಂದೂವರೆ ತಿಂಗಳು ಅವನಿಗೆ ದುಡಿಮೆಯಿಲ್ಲ. ಆಸ್ಪತ್ರೆಯ ಖರ್ಚನ್ನೂ ಆ ದಿನಗಳ ಕೂಲಿಯನ್ನೂ ಕೊಟ್ಟೆ. ಅದು ನನ್ನ ದೊಡ್ಡತನವಲ್ಲ, ನನ್ನ ಸಾಲ.

ಸುಟ್ಟ ಯಂತ್ರವನ್ನು ಹೊತ್ತು ಅಂಗಡಿಗೆ ಹೋದಾಗ ಅಲ್ಲಿಯವರು ಮೇಜಿನ ಡ್ರಾಯರ್ ಎಳೆದು ಹೊಸ ಬಗೆಯ ಮುಚ್ಚಳವೊಂದನ್ನು ಕೈಗಿತ್ತರು. "ಅದಾ ಸಾರ್, ಆ ಮುಚ್ಚಳಕ್ಕೆ ಕಂಪ್ಲೇಂಟ್ ಇತ್ತು. ಕಂಪನಿಯವರು ಬೇರೆ ಕಳಿಸಿ ನಾಲ್ಕು ತಿಂಗಳಾಯ್ತು. ಕೇಳಿದವರಿಗೆ ಫ್ರೀಯಾಗಿ ಕೊಡ್ತೇವೆ" ಎಂದರು.

ಕೇಳಿದವರಿಗೆ! ದೋಷವಿದೆಯೆಂದು ತಿಳಿಯದವನು ಏನೆಂದು ಕೇಳಬೇಕು? ಕಂಪನಿಯ ಹೆಸರಾಗಲಿ ಅಂಗಡಿಯ ಹೆಸರಾಗಲಿ ಇಲ್ಲಿ ಬೇಡ. ನನ್ನ ಮಾತು ಆ ಡ್ರಾಯರಿನ ಕುರಿತು.

ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವನು, "ಸರ್, ಇಲ್ಲಿಯೂ ಇಂಥದೇ ಆಗಿತ್ತು" ಎಂದ. ಪೆಟ್ರೋಲಿಗೆ 'ಗ್ಯಾಸ್' ಎನ್ನುವ ಆ ದೇಶದಲ್ಲಿ, 2011ರಲ್ಲಿ, ಸ್ಟಿಲ್ ಕಂಪನಿಯು ಹುಲ್ಲು ಮತ್ತು ಬೇಲಿ ಕತ್ತರಿಸುವ ತನ್ನ 20 ಲಕ್ಷಕ್ಕೂ ಮಿಕ್ಕಿದ ಪೆಟ್ರೋಲ್ ಯಂತ್ರಗಳ ಬಗ್ಗೆ ಹಿಂಪಡೆಯುವ ಪ್ರಕಟಣೆ ಹೊರಡಿಸಿತು. ಕಾರಣ, ಇಂಧನ ಟ್ಯಾಂಕಿನ ಮುಚ್ಚಳ! ಪೆಟ್ರೋಲಿನಲ್ಲಿ ಬೆರೆತ ಎಥೆನಾಲ್ ಮೊದಲಾದವುಗಳಿಂದ ಅದರ ಆಕಾರ ಕೆಟ್ಟು, ಸರಿಯಾಗಿ ಕೂರದೆ ಪೆಟ್ರೋಲು ಸೋರಿ ಬೆಂಕಿ ತಗಲುವ ಅಪಾಯವಿತ್ತು.

ಆ ದೇಶದಲ್ಲಿ ಗ್ರಾಹಕ ವಸ್ತುಗಳ ಸುರಕ್ಷತೆಗೆಂದೇ 1972ರ ಕಾಯಿದೆಯಂತೆ ರಚಿತವಾದ ಆಯೋಗವೊಂದಿದೆ. ತನ್ನ ವಸ್ತುವಿನಲ್ಲಿ ಗಂಭೀರ ಅಪಾಯವಿದೆಯೆಂದು ತಿಳಿದುಬಂದರೆ ತಯಾರಕನು 24 ಗಂಟೆಗಳೊಳಗೆ ಆಯೋಗಕ್ಕೆ ವರದಿ ಮಾಡಬೇಕು. ಯಾವ ವಸ್ತು, ಏನು ಅಪಾಯ, ಎಷ್ಟು ಜನರಿಗೆ ಗಾಯ, ಕೊಂಡವರು ಏನು ಮಾಡಬೇಕು ಎಂಬುದೆಲ್ಲ ಪ್ರಕಟವಾಗುತ್ತದೆ. ಹಾಗೆ ಹಿಂಪಡೆದ ವಸ್ತುವನ್ನು ಮಾರುವುದು 2008ರ ಕಾಯಿದೆಯ ಬಳಿಕ ಅಪರಾಧ. ಅಲ್ಲಿಯೂ ಪ್ರಕಟಣೆಯನ್ನು ಓದಿದವರೆಲ್ಲರೂ ಯಂತ್ರವನ್ನು ಒಯ್ದು ರಿಪೇರಿ ಮಾಡಿಸಿಕೊಳ್ಳುವುದಿಲ್ಲ. ಆದರೆ ಸುದ್ದಿಯನ್ನು ಡ್ರಾಯರಿನಲ್ಲಿಟ್ಟು ಸುಮ್ಮನಿರಲು ಅಲ್ಲಿ ಆಸ್ಪದವಿಲ್ಲ.

ನಮ್ಮಲ್ಲಿ ಕಾನೂನೇ ಇಲ್ಲವೆಂದರೆ ತಪ್ಪಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ಅದರಡಿ ಸ್ಥಾಪಿತವಾದ ಕೇಂದ್ರ ಪ್ರಾಧಿಕಾರಕ್ಕೆ ಅಪಾಯಕಾರಿ ವಸ್ತುಗಳನ್ನು ಹಿಂಪಡೆಯಲು ಆದೇಶಿಸುವ ಅಧಿಕಾರವಿದೆ. ವಾಹನಗಳ ವಿಷಯದಲ್ಲಿ ಈ ಪದ್ಧತಿ ನಮಗೂ ಪರಿಚಿತವೇ. 2022ರಲ್ಲಿ ವಿದ್ಯುತ್ ಸ್ಕೂಟರುಗಳು ಅಲ್ಲಲ್ಲಿ ಹೊತ್ತಿ ಉರಿದಾಗ ಓಲಾ ಕಂಪನಿ 1,441 ಸ್ಕೂಟರುಗಳನ್ನು ತಾನಾಗಿ ಹಿಂಪಡೆದುದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಸ್ಕೂಟರಿಗೆ ನೋಂದಣಿ ಸಂಖ್ಯೆಯಿದೆ. ಆದುದರಿಂದ ಒಡೆಯನನ್ನು ಹುಡುಕಬಹುದು. ಹುಲ್ಲು ಹೊಡೆಯುವ ಯಂತ್ರಕ್ಕೆ ಆ ಭಾಗ್ಯವಿಲ್ಲ. ಒಮ್ಮೆ ಅಂಗಡಿಯ ಮೆಟ್ಟಿಲಿಳಿದರೆ ಅದು ಯಾರ ತೋಟದಲ್ಲಿದೆಯೆಂದು ಯಾರೂ ಹೇಳಲಾರರು.

ಇದಕ್ಕೆ ದಾರಿ ಇಲ್ಲದಿಲ್ಲ. ಕೃಷಿ ಯಂತ್ರಗಳಿಗೆ ಸಹಾಯಧನ ಕೊಡುವಾಗ ಇಲಾಖೆಯು ನಮ್ಮ ಪಹಣಿ, ಆಧಾರ್, ಫೋನ್ ನಂಬರುಗಳನ್ನೆಲ್ಲ ಬರೆಸಿಕೊಳ್ಳುತ್ತದೆ. ಹಣ ಕೊಡಲು ಉಪಯೋಗಕ್ಕೆ ಬಂದ ಆ ಪಟ್ಟಿ ಎಚ್ಚರಿಕೆ ಕೊಡಲು ಏಕೆ ಬಾರದು? ಉಳಿದವರ ನಂಬರುಗಳನ್ನು ಅಂಗಡಿಯವರು ಬಿಲ್ಲಿನಲ್ಲಿ ಬರೆದುಕೊಂಡಿರುತ್ತಾರೆ. ಹಬ್ಬದ ರಿಯಾಯಿತಿಯ ಸಂದೇಶ ತಪ್ಪದೆ ಬರುತ್ತದೆ. ಮುಚ್ಚಳದ ಸಂದೇಶವೂ ಬರಲಿ. ಸಹಕಾರಿ ಸಂಘದ ಗೋಡೆಯ ಮೇಲೆ ಒಂದು ಹಾಳೆ ಕನ್ನಡದಲ್ಲಿ ಅಂಟಿಸಿದರೂ ಊರಿಗೆಲ್ಲ ತಿಳಿಯುತ್ತದೆ.

ಎಥೆನಾಲಿನ ಮಾತು ಈಗ ನಮಗೂ ಹತ್ತಿರದ್ದು. ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆಯಾಯಿತು. ಹಳೆಯ ಯಂತ್ರಗಳ ರಬ್ಬರು ಮತ್ತು ಪ್ಲಾಸ್ಟಿಕ್ ಭಾಗಗಳು ಅದಕ್ಕೆ ತಡೆಯುತ್ತವೆಯೇ ಎಂಬುದನ್ನು ಹೇಳಬೇಕಾದವರು ತಯಾರಕರು. ನಾವು ಕೇಳುವ ಮೊದಲೇ ಹೇಳಬೇಕು.

ಇನ್ನೊಂದು ಮಾತಿದೆ, ಇದು ನನಗೆ ತಡವಾಗಿ ಹೊಳೆದುದು. ಎಚ್ಚರಿಕೆಯ ಪತ್ರ ಬಂದರೂ ಅದು ಬರುವುದು ಕೊಂಡವನಿಗೆ. ಯಂತ್ರವನ್ನು ಹೆಗಲಿಗೇರಿಸುವವನು ಬೇರೆ. ನನ್ನ ಮನೆಯಲ್ಲಿ ಕಂಪನಿಯ ಹಿಂಪಡೆಯುವ ಪತ್ರವಿರಲಿಲ್ಲ, ನಿಜ. ಆದರೆ ಪತ್ರಕ್ಕಿಂತ ಸ್ಪಷ್ಟವಾದ ಎಚ್ಚರಿಕೆಯನ್ನು ಆ ಹುಡುಗ ಬಾಯಾರೆ ಎರಡು ಬಾರಿ ಕೊಟ್ಟಿದ್ದ. ಅಂಗಡಿಯವರು ಮುಚ್ಚಳವನ್ನು ಡ್ರಾಯರಿನಲ್ಲಿಟ್ಟರು. ನಾನು ಅವನ ಮಾತನ್ನು ಸೈಕಲ್ ಟ್ಯೂಬಿನಿಂದ ಮುಚ್ಚಿದೆ. ಇಬ್ಬರಲ್ಲಿ ಹೆಚ್ಚಿನ ತಪ್ಪು ಯಾರದೆಂದು ನಾನು ತೀರ್ಪು ಕೊಡಲಾರೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಯನ್ನು ನಿಮಗೆ ವಿವರಿಸಿದವನೂ ನಾನೇ.

ಹುಡುಗ ಈಗ ಕೆಲಸಕ್ಕೆ ಬರುತ್ತಿದ್ದಾನೆ. ಯಂತ್ರ ತಣಿಯುವವರೆಗೆ ಪೆಟ್ರೋಲು ಹಾಕುವುದಿಲ್ಲ. ಹಾಕಿದ ಜಾಗದಲ್ಲಿ ಚಾಲೂ ಮಾಡುವುದಿಲ್ಲ. ಅವನು ಬೇಡವೆಂದ ದಿನ ಯಂತ್ರ ಹೊರಗೆ ಬರುವುದಿಲ್ಲ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಯಂತ್ರವಿದ್ದರೆ, ದಯವಿಟ್ಟು ಈ ಭಾನುವಾರ ಅದರ ಮುಚ್ಚಳವನ್ನೊಮ್ಮೆ ನೋಡಿ. ಜಿನುಗುತ್ತಿದ್ದರೆ ನಿಲ್ಲಿಸಿ, ಅಂಗಡಿಗೆ ಒಯ್ದು ಕೇಳಿ. ಅವರು ಕಿವಿಗೊಡದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಎಲ್ಲಕ್ಕಿಂತ ಮೊದಲು, ಅದನ್ನು ಹಿಡಿದು ದುಡಿಯುವವರು ಏನು ಹೇಳುತ್ತಾರೆಂದು ಕೇಳಿ.

ನಿಮ್ಮ ಮೇಷ್ಟ್ರು